ಮೈಯ ನೆನಪಿನ ಗುಟ್ಟು ಬಿಡಿಸಿದ ಬರ್ನೆಟ್

ಕಲಾವಿಭಾಗದ ವಿದ್ಯಾರ್ಥಿಯಾದ ನಾನು ವಿಜ್ಞಾನಿಯೊಬ್ಬನ ಜೀವನವನ್ನು ಕುರಿತು ಬರೆಯಹೊರಟುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ನಾನು ಓದುತ್ತಿರುವುದು ಇತಿಹಾಸ. ಪ್ರಯೋಗಶಾಲೆಯ ಬಾಗಿಲನ್ನು ದಾಟಿದವನೂ ಅಲ್ಲ. ಆದರೆ ಈ ಲೇಖನಕ್ಕೆ ಕಾರಣ ನನ್ನ ಪಾಂಡಿತ್ಯವಲ್ಲ, ನಾನು ಮಾಡಿದ ಒಂದು ತಪ್ಪು. ಅದನ್ನು ಮೊದಲು ಒಪ್ಪಿಕೊಂಡು ಆಮೇಲೆ ಕಥೆಗೆ ಬರುತ್ತೇನೆ.

ನಮ್ಮ ಊರು ಹಿರೇಹಳ್ಳಿ. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿದೆ. ಅಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ಹಲಸಿನ ಕಸಿಗಿಡಗಳ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ನನ್ನ ಅಜ್ಜಿ ಪ್ರಾಯದಲ್ಲಿ ಸಸಿತೋಟಗಳಿಗೆ ಕೂಲಿಗೆ ಹೋಗಿ ಕಸಿ ಕಟ್ಟುವುದನ್ನು ಕಲಿತವಳು. ಮನೆಯ ಹೊಲದಲ್ಲಿ ರಾಗಿ ಬೆಳೆದವಳು. 2020ರಲ್ಲಿ ಕೊರೋನಾ ಜ್ವರ ನಮ್ಮ ಮನೆಗೂ ಬಂತು. ಅಜ್ಜಿ ಹತ್ತು ದಿನ ಮಲಗಿ ಎದ್ದಳು. ಮರುವರ್ಷ ಊರಿನಲ್ಲಿ ಲಸಿಕೆ ಹಾಕುವವರು ಬಂದಾಗ, ಹಾಕಿಸಿಕೊಳ್ಳಲೋ ಬೇಡವೋ ಎಂದು ಅವಳು ನನ್ನನ್ನು ಕೇಳಿದಳು. ಆಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ಮನೆಯಲ್ಲಿ ಹೆಚ್ಚು ಓದಿದವನು ನಾನೇ ಎಂಬ ಹೆಮ್ಮೆ ಬೇರೆ. ಒಮ್ಮೆ ಬಂದು ಹೋದ ಕಾಯಿಲೆ ಮತ್ತೆ ಬರುವುದಿಲ್ಲ, ದಡಾರ ಎರಡು ಸಲ ಬಂದವರನ್ನು ನೀನು ಕಂಡಿದ್ದೀಯಾ ಎಂದು ಅವಳಿಗೇ ಪಾಠ ಹೇಳಿದೆ. ಅಜ್ಜಿ ಲಸಿಕೆಗೆ ಹೋಗಲಿಲ್ಲ.

2022ರ ಜನವರಿಯಲ್ಲಿ ಅವಳಿಗೆ ಎರಡನೆಯ ಸಲ ಅದೇ ಜ್ವರ ಬಂತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆಯೊಡನೆ ಮಲಗಿದ್ದಳು. ದೇವರ ದಯೆ, ಮನೆಗೆ ಬಂದಳು. ನನ್ನನ್ನು ಅವಳು ಒಂದು ಮಾತೂ ಬೈಯಲಿಲ್ಲ. ದಡಾರ ಒಮ್ಮೆ ಬಂದರೆ ಮುಗಿಯಿತು, ಈ ಜ್ವರಕ್ಕೆ ಮಾತ್ರ ನಮ್ಮ ಮೈ ಏಕೆ ಮತ್ತೆ ಸೋತಿತು ಎಂದಷ್ಟೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಕುಳಿತಾಗ ನನಗೆ ಸಿಕ್ಕವನು ಮ್ಯಾಕ್‌ಫರ್ಲೇನ್ ಬರ್ನೆಟ್.

ಫ್ರಾಂಕ್ ಮ್ಯಾಕ್‌ಫರ್ಲೇನ್ ಬರ್ನೆಟ್ 1899ರ ಸೆಪ್ಟೆಂಬರ್ 3ರಂದು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಟ್ರಾರಲ್ಗನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ತಂದೆ ಸ್ಕಾಟ್ಲೆಂಡಿನಿಂದ ಬಂದು ನೆಲಸಿದವನು, ಬ್ಯಾಂಕಿನ ವ್ಯವಸ್ಥಾಪಕ. ಏಳು ಮಕ್ಕಳಲ್ಲಿ ಈತ ಎರಡನೆಯವನು. ಬಾಲ್ಯದಿಂದಲೂ ಬಲು ಸಂಕೋಚದ ಸ್ವಭಾವ. ಜೊತೆಗಾರರು ಆಟಕ್ಕೆ ಹೋದರೆ ಈತ ಒಬ್ಬನೇ ಹೊಲಗಾಡುಗಳಲ್ಲಿ ಅಲೆಯುತ್ತ ಜೀರುಂಡೆಗಳನ್ನು ಹಿಡಿದು, ಬಗೆಬಗೆಯಾಗಿ ವಿಂಗಡಿಸಿ ಇಡುತ್ತಿದ್ದನು. ಸಾವಿರ ಹುಳುಗಳ ನಡುವೆ ಒಂದಕ್ಕೂ ಇನ್ನೊಂದಕ್ಕೂ ಇರುವ ಸಣ್ಣ ವ್ಯತ್ಯಾಸವನ್ನು ಗುರುತಿಸುವ ಕಣ್ಣು ಅಲ್ಲಿಯೇ ಪಳಗಿತೆನ್ನಬೇಕು. ಮುಂದೆ ಆತನ ಅತ್ಯುತ್ತಮ ವಿಚಾರವೂ ಇಂಥ ವೈವಿಧ್ಯದ ಮೇಲೆಯೇ ನಿಂತಿತು.

ವಿದ್ಯಾರ್ಥಿವೇತನದ ಬಲದಿಂದ ಜೀಲಾಂಗ್ ಕಾಲೇಜಿನಲ್ಲಿ ಓದಿ, ಬಳಿಕ ಮೆಲ್ಬರ್ನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದನು. ಆತ ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ 1918ರ ಇನ್‌ಫ್ಲುಯೆಂಜಾ ಲೋಕವನ್ನು ಸುತ್ತಿತು. ಇತಿಹಾಸದ ವಿದ್ಯಾರ್ಥಿಯಾಗಿ ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ವರ್ಷದ ಜೂನಿನಲ್ಲಿ ಬೊಂಬಾಯಿ ಬಂದರಿನಲ್ಲಿ ಇಳಿದ ಆ ಜ್ವರ ಕೆಲವೇ ತಿಂಗಳಲ್ಲಿ ಭಾರತದಲ್ಲಿ ಒಂದು ಕೋಟಿಗಿಂತ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1911ರ ಜನಗಣತಿಗೆ ಸುಮಾರು 58 ಲಕ್ಷವಿದ್ದ ಜನ 1921ರ ಗಣತಿಯಲ್ಲಿ ಸುಮಾರು 60 ಲಕ್ಷಕ್ಕೆ ಬಂದು ನಿಂತಿದ್ದರು. ಹತ್ತು ವರ್ಷದ ಬೆಳವಣಿಗೆ ನೂರಕ್ಕೆ ಮೂರರಷ್ಟು ಮಾತ್ರ! ಹುಟ್ಟಿದವರ ಲೆಕ್ಕವನ್ನು ಸತ್ತವರ ಲೆಕ್ಕ ಬಹುಮಟ್ಟಿಗೆ ತಿಂದುಹಾಕಿತ್ತು. ಆ ರೋಗಕ್ಕೆ ಕಾರಣವೇನೆಂಬುದು ಆಗ ಲೋಕದಲ್ಲಿ ಯಾರಿಗೂ ತಿಳಿದಿರಲಿಲ್ಲ.

ಬರ್ನೆಟ್ಟನಿಗೆ ರೋಗಿಗಳನ್ನು ನೋಡುವ ವೈದ್ಯನಾಗಬೇಕೆಂಬ ಆಸೆಯಿತ್ತು. ಆದರೆ ಈ ಸಂಕೋಚದ ಮನುಷ್ಯನಿಗೆ ರೋಗಿಯ ಮಂಚಕ್ಕಿಂತ ಪ್ರಯೋಗಶಾಲೆಯ ಮೇಜೇ ಒಪ್ಪುತ್ತದೆಂದು ಆಸ್ಪತ್ರೆಯ ಹಿರಿಯರು ಕಂಡುಕೊಂಡರು. ಹೀಗೆ ಆತ ಮೆಲ್ಬರ್ನಿನ ವಾಲ್ಟರ್ ಮತ್ತು ಎಲಿಜಾ ಹಾಲ್ ಸಂಶೋಧನ ಸಂಸ್ಥೆಯನ್ನು ಸೇರಿದನು. ನಡುವೆ ಲಂಡನ್ನಿಗೆ ಎರಡು ಸಲ ಹೋಗಿ ಬಂದುದನ್ನು ಬಿಟ್ಟರೆ ಆತನ ಮುಖ್ಯ ಕೆಲಸವೆಲ್ಲ ಅಲ್ಲಿಯೇ ನಡೆಯಿತು. 1944ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಪ್ರಾಧ್ಯಾಪಕ ಪದವಿಯನ್ನು ಕೊಡಲು ಬಂದಾಗಲೂ ಒಲ್ಲೆನೆಂದು ತನ್ನ ಊರಿಗೆ ಮರಳಿದನು. ಅದೇ ವರ್ಷ ಸಂಸ್ಥೆಯ ನಿರ್ದೇಶಕನಾಗಿ, 1965ರವರೆಗೆ ಅದನ್ನು ನಡೆಸಿದನು.

ಆತನ ಮೊದಲ ದೊಡ್ಡ ಪರೀಕ್ಷೆ 1928ರ ಜನವರಿಯಲ್ಲಿ ಬಂತು. ಕ್ವೀನ್ಸ್‌ಲೆಂಡಿನ ಬಂಡಬರ್ಗ್ ಎಂಬ ಊರಿನಲ್ಲಿ ಗಂಟಲುಮಾರಿ ಬಾರದಿರಲೆಂದು ಚುಚ್ಚುಮದ್ದು ಹಾಕಿಸಿಕೊಂಡ ಮಕ್ಕಳಲ್ಲಿ 12 ಮಂದಿ ತೀರಿಹೋದರು. ಊರಿಗೆ ಊರೇ ತಲ್ಲಣಿಸಿತು. ವಿಚಾರಣೆಯ ಭಾಗವಾಗಿ ಆ ಮದ್ದನ್ನು ಪರೀಕ್ಷಿಸುವ ಹೊಣೆ ಬರ್ನೆಟ್ಟನ ಪಾಲಿಗೂ ಬಂತು. ದೋಷ ಮದ್ದಿನ ತತ್ತ್ವದಲ್ಲಿರಲಿಲ್ಲ. ಸೀಸೆಯಲ್ಲಿ ಕ್ರಿಮಿ ಬೆಳೆಯದಂತೆ ತಡೆಯುವ ರಾಸಾಯನಿಕವನ್ನು ಬೆರೆಸಿರಲಿಲ್ಲ. ಸ್ಟೆಫಿಲೊಕಾಕಸ್ ಎಂಬ ಕ್ರಿಮಿ ಅದರೊಳಗೆ ಸೇರಿ ಬೆಳೆದುಬಿಟ್ಟಿತ್ತು. ನಮ್ಮ ಊರುಗಳಲ್ಲಿ ಸೂಜಿಯೆಂದರೆ ಹಿರಿಯರು ಹೆದರುವುದನ್ನು ನಾವು ನಗುತ್ತೇವೆ. ಹೆದರಿಕೆಯನ್ನು ನಗುವಿನಿಂದ ಓಡಿಸಲಾಗದು, ಕಾರಣವನ್ನು ಕಂಡುಹಿಡಿದು ಬಹಿರಂಗವಾಗಿ ಹೇಳುವುದರಿಂದ ಮಾತ್ರ ಓಡಿಸಬಹುದು. ಬಂಡಬರ್ಗಿನ ವಿಚಾರಣೆ ಮಾಡಿದ ಕೆಲಸ ಅದು.

1932ರಲ್ಲಿ ಆತ ಎರಡನೆಯ ಸಲ ಲಂಡನ್ನಿಗೆ ಹೋದನು. ಆತ ಅಲ್ಲಿದ್ದಾಗಲೇ, 1933ರಲ್ಲಿ, ಅದೇ ಸಂಸ್ಥೆಯ ವಿಲ್ಸನ್ ಸ್ಮಿತ್, ಆಂಡ್ರೂಸ್, ಲೇಡ್ಲಾ ಎಂಬ ಮೂವರು ಮನುಷ್ಯನ ಇನ್‌ಫ್ಲುಯೆಂಜಾ ವೈರಸ್ಸನ್ನು ಮೊಟ್ಟಮೊದಲು ಹಿಡಿದರು. ಮುಂಗುಸಿಯಂತೆ ಕಾಣುವ ಫೆರೆಟ್ ಎಂಬ ಪ್ರಾಣಿಗೆ ರೋಗವನ್ನು ಅಂಟಿಸಿ ಅವರು ಅದನ್ನು ತೋರಿಸಿಕೊಟ್ಟರು. ಮೆಲ್ಬರ್ನಿಗೆ ಹಿಂದಿರುಗಿದ ಬರ್ನೆಟ್ ಆ ವೈರಸ್ಸನ್ನು ಕಾವು ಕೊಟ್ಟ ಕೋಳಿಮೊಟ್ಟೆಯೊಳಗೆ ಬೆಳೆಸುವ ವಿಧಾನವನ್ನು ಹದಗೊಳಿಸಿದನು. ಲೋಕದಲ್ಲಿ ತಯಾರಾಗುವ ಫ್ಲೂ ಲಸಿಕೆಯ ಹೆಚ್ಚಿನ ಭಾಗ ಈಗಲೂ ಕೋಳಿಮೊಟ್ಟೆಯಲ್ಲಿಯೇ ಬೆಳೆಯುತ್ತದೆ ಎಂದರೆ ಆ ಕೆಲಸದ ಬೆಲೆ ತಿಳಿಯುತ್ತದೆ.

ಮೊಟ್ಟೆಯಲ್ಲಿ ಗೆದ್ದ ಬರ್ನೆಟ್ ಮನುಷ್ಯನಲ್ಲಿ ಸೋತನು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬಲ ಕುಗ್ಗಿಸಿದ ಜೀವಂತ ವೈರಸ್ಸನ್ನು ಮೂಗಿನೊಳಕ್ಕೆ ಸಿಂಪಡಿಸುವ ಲಸಿಕೆಯೊಂದನ್ನು ಮಾಡಿ, ಸೈನ್ಯದ ಸ್ವಯಂಸೇವಕರ ಮೇಲೆ ಪ್ರಯೋಗಿಸಿ ನೋಡಿದನು. ಎಣಿಸಿದ ಫಲ ಬರಲಿಲ್ಲ. ಕೊನೆಗೆ ಅದನ್ನು ಕೈಬಿಟ್ಟನು. ದಡಾರದ ವಿರುದ್ಧ ಬಾಳಿಡೀ ನಿಲ್ಲುವ ರಕ್ಷಣೆ ಈ ಮೂಗಿನ ರೋಗದ ವಿರುದ್ಧ ಏಕೆ ನಿಲ್ಲದು? ನನ್ನ ಅಜ್ಜಿ ಕೇಳಿದ ಪ್ರಶ್ನೆಯೇ ಇದು. ಇದಕ್ಕೆ ಉತ್ತರ ಬೇಕಾದರೆ ಅದಕ್ಕಿಂತ ಹಿಂದಿನ ಪ್ರಶ್ನೆಯೊಂದನ್ನು ಬಿಡಿಸಬೇಕಾಗಿತ್ತು: ಮೈ ಒಂದು ರೋಗವನ್ನು ನೆನಪಿಡುವುದಾದರೂ ಹೇಗೆ?

ರೋಗಾಣು ಒಳಹೊಕ್ಕಾಗ ಅದಕ್ಕೆ ಅಂಟಿ ಅದನ್ನು ಕೆಡಿಸುವ ಪದಾರ್ಥ ರಕ್ತದಲ್ಲಿ ಹುಟ್ಟುತ್ತದೆ, ಅದನ್ನು ಪ್ರತಿಕಾಯವೆನ್ನುತ್ತಾರೆ. ಬೀಗಕ್ಕೆ ತಕ್ಕ ಕೈಯಂತೆ ಒಂದೊಂದು ರೋಗಕ್ಕೆ ಒಂದೊಂದು ಬಗೆಯ ಪ್ರತಿಕಾಯ. 1940ರ ಸುಮಾರಿನಲ್ಲಿ ಪಂಡಿತರು ಬಹುಮಂದಿ ನಂಬಿದ್ದುದು ಅಚ್ಚಿನ ಸಿದ್ಧಾಂತವನ್ನು. ಆಲೆಮನೆಯಲ್ಲಿ ಬೆಲ್ಲದ ಪಾಕ ಅಚ್ಚಿಗೆ ತಕ್ಕ ರೂಪ ತಾಳುವಂತೆ, ರೋಗಾಣುವಿನ ಮೈಯನ್ನೇ ಅಚ್ಚಾಗಿಟ್ಟುಕೊಂಡು ಪ್ರತಿಕಾಯ ರೂಪುಗೊಳ್ಳುತ್ತದೆಂದು ಅವರ ಮತ. ಲೈನಸ್ ಪೌಲಿಂಗ್‌ನಂಥ ಮಹಾ ರಸಾಯನಶಾಸ್ತ್ರಜ್ಞನೇ ಇದರ ಬೆನ್ನಿಗೆ ನಿಂತಿದ್ದನು. ಬರ್ನೆಟ್ಟನಿಗೆ ಇದು ಒಪ್ಪಿಗೆಯಾಗಲಿಲ್ಲ. ಅಚ್ಚು ಹೋದ ಮೇಲೆ ಬೆಲ್ಲ ಮತ್ತೆ ಅದೇ ರೂಪ ತಾಳಲು ಸಾಧ್ಯವೆ? ರೋಗಾಣು ಮೈಯಿಂದ ತೊಲಗಿ ಎಷ್ಟೋ ವರ್ಷಗಳಾದ ಮೇಲೂ ರಕ್ಷಣೆ ಉಳಿದಿರುವುದು ಹೇಗೆ? ಎರಡನೆಯ ಸಲ ಅದೇ ರೋಗಾಣು ಬಂದಾಗ ಪ್ರತಿಕಾಯ ಮೊದಲಿಗಿಂತ ಬೇಗನೆ, ಮೊದಲಿಗಿಂತ ಹೆಚ್ಚಾಗಿ ಹುಟ್ಟುವುದು ಹೇಗೆ? ವಸ್ತುವಿಗೆ ನೆನಪಿಲ್ಲ, ಜೀವವುಳ್ಳದ್ದು ಹೆಚ್ಚುತ್ತದೆ, ಸಂತತಿಯನ್ನು ಬಿಟ್ಟುಹೋಗುತ್ತದೆ. ಆದ್ದರಿಂದ ನೆನಪನ್ನು ಹುಡುಕಬೇಕಾದುದು ಜೀವಕಣಗಳಲ್ಲಿ ಎಂದು ಆತ ತರ್ಕಿಸಿದನು.

1957ರಲ್ಲಿ ಆತ ಬರೆದ ಪ್ರಬಂಧ ಕೆಲವೇ ಪುಟಗಳದು. ಅದನ್ನು ಹೆಸರಾಂತ ಪತ್ರಿಕೆಗಳಿಗೆ ಕಳಿಸದೆ, ಹೊರಗಿನವರು ಹೆಚ್ಚಾಗಿ ಓದದ ಆಸ್ಟ್ರೇಲಿಯದ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚುಮಾಡಿಸಿದನು. ವಿಚಾರ ಸರಿಯಾದರೆ ಮೊದಲು ಹೇಳಿದ ಕೀರ್ತಿ ತನ್ನದು, ತಪ್ಪಾದರೆ ಹೆಚ್ಚು ಜನ ನೋಡಿರುವುದಿಲ್ಲ ಎಂಬ ಲೆಕ್ಕ ಆತನದು. ಇಷ್ಟು ದೊಡ್ಡವನಿಗೂ ಇಷ್ಟು ಅಳುಕೇ ಎಂದು ಓದಿದಾಗ ನನಗೆ ಆತನ ಮೇಲೆ ಪ್ರೀತಿ ಹುಟ್ಟಿತು.

ಆತನ ಸಿದ್ಧಾಂತವನ್ನು ನಾನು ಅಜ್ಜಿಗೆ ಹೇಳಿದಂತೆಯೇ ಇಲ್ಲಿ ಹೇಳುತ್ತೇನೆ. ನಮ್ಮ ರಕ್ತದಲ್ಲಿ ಕೋಟಿಗಟ್ಟಲೆ ಬಿಳಿಯ ಜೀವಕಣಗಳಿವೆ. ರೋಗ ಬರುವ ಮೊದಲೇ ಅವು ಬಗೆಬಗೆಯಾಗಿ ಹುಟ್ಟಿರುತ್ತವೆ. ಒಂದೊಂದರ ಮೈಮೇಲೆ ಒಂದೊಂದು ರೂಪದ ಪ್ರತಿಕಾಯ. ರೋಗಾಣು ಅವಕ್ಕೆ ಏನನ್ನೂ ಕಲಿಸುವುದಿಲ್ಲ. ತನಗೆ ಒಪ್ಪುವ ಕಣ ಎದುರಾದಾಗ ಅದನ್ನು ಎಬ್ಬಿಸುತ್ತದೆ, ಅಷ್ಟೆ. ಎದ್ದ ಕಣ ಒಡೆದು ಎರಡಾಗಿ, ನಾಲ್ಕಾಗಿ, ಸಾವಿರಾರಾಗುತ್ತದೆ. ಸುಗ್ಗಿಯಲ್ಲಿ ಅಜ್ಜಿ ರಾಗಿಯ ರಾಶಿಯಿಂದ ಒಳ್ಳೆಯ ತೆನೆಗಳನ್ನು ಆರಿಸಿ ಬಿತ್ತನೆಗೆಂದು ಬೇರೆ ತೆಗೆದಿಡುತ್ತಾಳೆ, ಮಿಕ್ಕಿದ್ದೆಲ್ಲ ಊಟಕ್ಕೆ. ಮೈಯ ವ್ಯವಸಾಯವೂ ಹಾಗೆಯೇ. ಹೆಚ್ಚಿದ ಕಣಗಳಲ್ಲಿ ಬಹುಪಾಲು ಆ ಕಾಳಗದಲ್ಲಿ ತೀರಿಹೋಗುತ್ತವೆ. ಕೆಲವು ಮಾತ್ರ ಬಿತ್ತನೆಯ ಬೀಜದಂತೆ ಉಳಿಯುತ್ತವೆ. ಅವೇ ನೆನಪು. ಇದನ್ನು ಅಮೆರಿಕದ ಡೇವಿಡ್ ಟಾಲ್ಮೇಜ್ ಸ್ವತಂತ್ರವಾಗಿ ಅದೇ ಕಾಲದಲ್ಲಿ ಬಹುಮಟ್ಟಿಗೆ ಹೀಗೆಯೇ ಯೋಚಿಸಿದ್ದನು. 1958ರಲ್ಲಿ ಬರ್ನೆಟ್ಟನ ಸಂಸ್ಥೆಯಲ್ಲಿಯೇ ಗಸ್ಟಾವ್ ನೋಸಲ್ ಮತ್ತು ಜೋಷುವ ಲೆಡರ್‌ಬರ್ಗ್ ಒಂದೊಂದೇ ಕಣವನ್ನು ಬೇರ್ಪಡಿಸಿ ನೋಡಿ, ಒಂದು ಕಣ ಒಂದೇ ಬಗೆಯ ಪ್ರತಿಕಾಯವನ್ನು ಮಾಡುತ್ತದೆಂದು ತೋರಿಸಿದರು. ಸಿದ್ಧಾಂತಕ್ಕೆ ನೆಲೆ ಸಿಕ್ಕಿತು.

1960ರಲ್ಲಿ ಬರ್ನೆಟ್ಟನಿಗೂ ಇಂಗ್ಲೆಂಡಿನ ಪೀಟರ್ ಮೆಡವಾರನಿಗೂ ನೊಬೆಲ್ ಪಾರಿತೋಷಕ ಬಂತು. ಅದು ಬಂದುದು ಇನ್ನೊಂದು ವಿಚಾರಕ್ಕೆ. ಹಲಸಿನ ಗಿಡಕ್ಕೆ ಬೇರೆ ಮರದ ಕಡ್ಡಿಯನ್ನು ಕಸಿ ಕಟ್ಟಿದರೆ ಅಂಟಿಕೊಳ್ಳುತ್ತದೆ. ಮನುಷ್ಯನಿಗೆ ಇನ್ನೊಬ್ಬನ ಚರ್ಮವನ್ನು ಕಸಿ ಮಾಡಿದರೆ ಮೈ ಅದನ್ನು ತಳ್ಳಿಹಾಕುತ್ತದೆ. ತನ್ನದು ಯಾವುದು, ಪರರದು ಯಾವುದು ಎಂಬ ಅರಿವು ಮೈಗೆ ಹುಟ್ಟಿನೊಡನೆ ಸಿದ್ಧವಾಗಿ ಬರದೆ, ಗರ್ಭದಲ್ಲಿ ಬೆಳೆಯುತ್ತಿರುವಾಗ ರೂಪುಗೊಳ್ಳುತ್ತದೆಂದು ಬರ್ನೆಟ್ ಊಹಿಸಿದ್ದನು. ಮೆಡವಾರ್ ಅದನ್ನು ಇಲಿಗಳಲ್ಲಿ ಮಾಡಿ ತೋರಿಸಿದ್ದನು. ಆದರೆ ಬರ್ನೆಟ್ ತನ್ನ ಬಾಳಿನ ದೊಡ್ಡ ಕೆಲಸವೆಂದು ಎಣಿಸಿದ್ದುದು 1957ರ ಆ ಚಿಕ್ಕ ಪ್ರಬಂಧವನ್ನೇ.

ಇನ್ನು ಅಜ್ಜಿಯ ಪ್ರಶ್ನೆ. ಬರ್ನೆಟ್ ಹಾಕಿದ ತಳಹದಿಯ ಮೇಲೆ ಅನಂತರದವರು ಕಟ್ಟಿದುದನ್ನು ಸೇರಿಸಿ ಹೇಳಿದರೆ ಉತ್ತರ ಹೀಗಿದೆ. ಮೈಯ ನೆನಪು ಒಂದೇ ಕಡೆ ಇರುವುದಿಲ್ಲ. ಕುತ್ತಿಗೆ, ಕಂಕುಳು, ಎದೆಯೊಳಗಿನ ದುಗ್ಧರಸ ಗ್ರಂಥಿಗಳಲ್ಲಿ ಆಯ್ಕೆಯಾದ ಕಣಗಳು ವಾರಗಟ್ಟಲೆ ಪಳಗಿ, ರೋಗಾಣುವನ್ನು ಇನ್ನೂ ಬಿಗಿಯಾಗಿ ಹಿಡಿಯಬಲ್ಲವಾಗುತ್ತವೆ. ಅವುಗಳಲ್ಲಿ ಕೆಲವು ಮೂಳೆಯ ಮಜ್ಜೆಗೆ ಹೋಗಿ ನೆಲಸಿ, ವರ್ಷಾಂತರ ಪ್ರತಿಕಾಯವನ್ನು ಸುರಿಸುತ್ತಿರುತ್ತವೆ. ಕೆಲವು ಸದ್ದಿಲ್ಲದೆ ರಕ್ತದಲ್ಲಿಯೂ ಗ್ರಂಥಿಗಳಲ್ಲಿಯೂ ಕಾದಿರುತ್ತವೆ. ಇನ್ನೊಂದು ಜಾತಿಯವು ಪ್ರತಿಕಾಯವನ್ನು ಮಾಡದೆ, ವೈರಸ್ ಹೊಕ್ಕ ಕಣಗಳನ್ನೇ ಹುಡುಕಿ ಕೊಲ್ಲುತ್ತವೆ. ಅವುಗಳಲ್ಲಿ ಕೆಲವು ಶ್ವಾಸಕೋಶದಲ್ಲಿಯೇ ಬೀಡುಬಿಡುತ್ತವೆ. ಇವೆಲ್ಲ ಒಳಮನೆಯ ಕಾವಲು. ಮೂಗು ಗಂಟಲುಗಳ ತೇವದಲ್ಲಿ ಹೊರಬಾಗಿಲ ಕಾವಲಿನ ಪ್ರತಿಕಾಯ ಬೇರೆ ಇದೆ. ಅದು ಕೆಲವು ತಿಂಗಳಲ್ಲಿಯೇ ತಗ್ಗಿಹೋಗುತ್ತದೆ.

ದಡಾರದ ವೈರಸ್ಸೂ ಉಸಿರಿನ ಹಾದಿಯಲ್ಲಿಯೇ ಬರುತ್ತದೆ. ಆದರೆ ಬೊಕ್ಕೆ ಏಳುವ ಮೊದಲು ಅದು ಸುಮಾರು ಎರಡು ವಾರ ಮೈಯೊಳಗೆಲ್ಲ ಸುತ್ತಬೇಕು. ಅಷ್ಟರಲ್ಲಿ ಒಳಮನೆಯ ಕಾವಲು ಎದ್ದು ಅದನ್ನು ಹಿಡಿದುಹಾಕುತ್ತದೆ. ಅದು ವೇಷ ಬದಲಿಸುವುದೂ ಇಲ್ಲ. 1846ರಲ್ಲಿ ಫಾರೋ ದ್ವೀಪಗಳಲ್ಲಿ ದಡಾರ ಹರಡಿದಾಗ, 65 ವರ್ಷಗಳ ಹಿಂದೆ, 1781ರಲ್ಲಿ, ಅದನ್ನು ಕಂಡಿದ್ದ ಮುದುಕರಿಗೆ ಅದು ಮತ್ತೆ ತಗಲಲಿಲ್ಲವೆಂದು ಡೆನ್ಮಾರ್ಕಿನ ತರುಣ ವೈದ್ಯ ಪ್ಯಾನಮ್ ಬರೆದಿಟ್ಟಿದ್ದಾನೆ. ಫ್ಲೂ ಮತ್ತು ಕೊರೋನಾ ವೈರಸ್ಸುಗಳಾದರೋ ಹೊರಬಾಗಿಲಲ್ಲಿಯೇ, ಕೆಲವೇ ದಿನಗಳಲ್ಲಿ ತಮ್ಮ ಕೆಲಸವನ್ನು ಮುಗಿಸಿಬಿಡುತ್ತವೆ. ಒಳಗಿನವರು ಎದ್ದು ಬರುವುದರೊಳಗೆ ಜ್ವರ ಬಂದಾಗಿರುತ್ತದೆ. ಮೇಲಾಗಿ ವೇಷವನ್ನೂ ಬದಲಿಸುತ್ತವೆ. ಅಜ್ಜಿಗೆ ಎರಡನೆಯ ಸಲ ಜ್ವರ ಬಂದುದು ಓಮಿಕ್ರಾನ್ ಎಂಬ ಹೊಸ ವೇಷ ಎಲ್ಲೆಡೆ ಹರಡುತ್ತಿದ್ದ ತಿಂಗಳಲ್ಲಿ.

ಹಾಗೆಂದು ಮೈ ಮರೆಯಿತೆಂದಲ್ಲ. 1977ರಲ್ಲಿ ಹಳೆಯ ಜಾತಿಯ ಫ್ಲೂ ಒಂದು ಇಪ್ಪತ್ತು ವರ್ಷ ಮರೆಯಾಗಿದ್ದು ಮತ್ತೆ ಕಾಣಿಸಿಕೊಂಡಾಗ, ಅದಕ್ಕೆ ತುತ್ತಾದವರು ಹೆಚ್ಚಾಗಿ ಇಪ್ಪತ್ತೈದರ ಒಳಗಿನವರು. ಅದನ್ನು ಹಿಂದೆ ಕಂಡಿದ್ದ ಹಿರಿಯರನ್ನು ಅದು ಬಹುಮಟ್ಟಿಗೆ ಬಿಟ್ಟಿತು. 2008ರಲ್ಲಿ ಅಮೆರಿಕದ ಸಂಶೋಧಕರು 1915ರಲ್ಲಿ ಅಥವಾ ಅದಕ್ಕೆ ಮೊದಲು ಹುಟ್ಟಿದ 32 ಮಂದಿ ವೃದ್ಧರ ರಕ್ತವನ್ನು ಪರೀಕ್ಷಿಸಿದಾಗ, ಎಲ್ಲರಲ್ಲಿಯೂ 1918ರ ವೈರಸ್ಸನ್ನು ಗುರುತಿಸುವ ಪ್ರತಿಕಾಯ ಕಂಡುಬಂತು. ತೊಂಬತ್ತು ವರ್ಷದ ನೆನಪು! 2021ರಲ್ಲಿ ಕೊರೋನಾ ಲಘುವಾಗಿ ಬಂದು ಹೋದವರ ಮೂಳೆಯ ಮಜ್ಜೆಯಲ್ಲಿಯೂ, ಹಲವು ತಿಂಗಳುಗಳ ಬಳಿಕ, ಅದರ ಪ್ರತಿಕಾಯವನ್ನು ಮಾಡುವ ಕಣಗಳು ಸಿಕ್ಕವು. ಆದ್ದರಿಂದ ಒಮ್ಮೆ ಬಂದುದು ಮತ್ತೆ ಬರುವುದಿಲ್ಲವೆಂಬ ನನ್ನ ಮಾತು ಅರ್ಧ ಮಾತ್ರ ನಿಜ. ಒಳಗಿನ ನೆನಪು ಬಹುಕಾಲ ಉಳಿದು ಪ್ರಾಣವನ್ನು ಕಾಯುತ್ತದೆ. ಹೊರಬಾಗಿಲ ಕಾವಲು ಸಡಿಲಿ ರೋಗ ಮತ್ತೆ ತಗಲುತ್ತದೆ. ವಯಸ್ಸಾದವರಲ್ಲಿ ಒಳಗಿನವರೂ ಏಳುವುದು ನಿಧಾನ. ರೋಗ ಬಂದು ಹೋದವರು ಲಸಿಕೆಯನ್ನೂ ಹಾಕಿಸಿಕೊಂಡರೆ ಆ ನೆನಪು ಇನ್ನೂ ಗಟ್ಟಿಯಾಗುತ್ತದೆ. ಆ ಉಳಿದರ್ಧವನ್ನು ತಿಳಿಯದೆ ನಾನು ಅಜ್ಜಿಗೆ ಬುದ್ಧಿ ಹೇಳಿದ್ದೆ.

ಬರ್ನೆಟ್ಟನನ್ನು ಹೊಗಳಿ ಮುಗಿಸಿಬಿಟ್ಟರೆ ಇತಿಹಾಸದ ವಿದ್ಯಾರ್ಥಿಗೆ ಶೋಭಿಸದು. 1947ರಲ್ಲಿ ಆತ ಆಸ್ಟ್ರೇಲಿಯದ ಸರ್ಕಾರಕ್ಕೆ ಗುಟ್ಟಾಗಿ ಕೊಟ್ಟ ಸಲಹೆಯೊಂದು 1998ರಲ್ಲಿ ಬಯಲಿಗೆ ಬಂತು. ಜನ ಕಿಕ್ಕಿರಿದ ಏಷ್ಯದ ದೇಶಗಳ ವಿರುದ್ಧ ರೋಗಗಳನ್ನೂ ಬೆಳೆನಾಶಕಗಳನ್ನೂ ಆಯುಧವಾಗಿ ಬಳಸುವ ಸಿದ್ಧತೆಯನ್ನು ಆತ ಅದರಲ್ಲಿ ಸೂಚಿಸಿದ್ದನು. ತನ್ನದು ಯಾವುದು, ಪರರದು ಯಾವುದು ಎಂದು ಮೈ ಹೇಗೆ ಅರಿಯುತ್ತದೆಂದು ಲೋಕಕ್ಕೆ ತಿಳಿಸಿದವನು ನಮ್ಮಂಥವರನ್ನು ಪರರ ಸಾಲಿಗೆ ಸೇರಿಸಿದ್ದನೆಂಬುದನ್ನು ಓದಿದಾಗ ನನಗೆ ನೋವಾಯಿತು. ಆತನ ವಿದ್ಯೆಯನ್ನು ತೆಗೆದುಕೊಳ್ಳೋಣ. ಈ ಕೇಡನ್ನೂ ಮರೆಯದಿರೋಣ. ಇನ್ನೊಂದು ತಪ್ಪು ಅಷ್ಟು ದೊಡ್ಡದಲ್ಲ. 1972ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ಅಂಟುರೋಗಗಳ ವಿಷಯದಲ್ಲಿ ಮುಂದೆ ಹೇಳಿಕೊಳ್ಳುವಂಥದೇನೂ ನಡೆಯಲಾರದೆಂಬ ಭಾವನೆಯನ್ನು ಆತ ವ್ಯಕ್ತಪಡಿಸಿದ್ದನು. ಹತ್ತನೆಯ ತರಗತಿಯಲ್ಲಿ ನಾನು ಮಾಡಿದ ತಪ್ಪಿನ ದೊಡ್ಡಣ್ಣ ಇದು. 1985ರ ಆಗಸ್ಟ್ 31ರಂದು ಆತ ತೀರಿಕೊಂಡನು.

ಅಜ್ಜಿ ಆಮೇಲೆ ಎರಡು ಸಲವೂ ಲಸಿಕೆ ಹಾಕಿಸಿಕೊಂಡಳು. ಬರ್ನೆಟ್ಟನ ವಿಚಾರವನ್ನು ರಾಗಿಯ ಮೇಲಿಟ್ಟು ನಾನು ವಿವರಿಸಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಎಷ್ಟು ಒಳ್ಳೆಯ ಬೀಜವಾದರೂ ಇಟ್ಟಲ್ಲೇ ಇಟ್ಟಿದ್ದರೆ ಮೊಳಕೆಯ ಶಕ್ತಿ ಕುಗ್ಗುತ್ತದೆ, ನಡುನಡುವೆ ಬಿತ್ತಿ ಹೊಸದು ಮಾಡಿಕೊಳ್ಳಬೇಕು, ಸೂಜಿ ಮತ್ತೆ ಮತ್ತೆ ಹಾಕುವುದು ಅದಕ್ಕೇ ಇರಬೇಕು ಎಂದಳು. ಓದಿದವನು ತಪ್ಪು ಹೇಳಿದ್ದನು. ಓದದವಳು ಸರಿಯಾದುದನ್ನು ಹೇಳಿದಳು. ನನ್ನ ಹಳೆಯ ಮಾತನ್ನು ಈ ಪುಟಗಳಲ್ಲಿ ಎಲ್ಲರೆದುರು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿಮ್ಮ ಮನೆಯ ಹಿರಿಯರು ನಾಳೆ ನಿಮ್ಮನ್ನು ಇಂಥದೇ ಪ್ರಶ್ನೆ ಕೇಳಿದರೆ, ಉತ್ತರ ಕೊಡುವ ಮೊದಲು ಅರ್ಧವಲ್ಲ, ಪೂರ್ತಿ ತಿಳಿದುಕೊಳ್ಳಿರೆಂದು ನನ್ನ ಬಿನ್ನಹ.